ಎರಡೂ ಪದ ಇವೆ, ಜೋಡಿಯಾಗಿ ಹುಡುಕಿದರೆ ಇಲ್ಲ: ಫ್ರೇಸ್ ಸರ್ಚ್ ದೋಷ ಹಿಡಿಯುವ ಬಗೆ

ನಮ್ಮ ನೆಂಟರಿಷ್ಟರ ಅಡುಗೆ ಬರಹಗಳದ್ದೊಂದು ಸಣ್ಣ ಡೇಟಾಬೇಸ್ ಇದೆ. ಅಜ್ಜಿಯ ನೋಟ್‌ಬುಕ್, ಚಿಕ್ಕಮ್ಮಂದಿರ ಡೈರಿ, ವಾಟ್ಸಾಪ್‌ನಲ್ಲಿ ಓಡಾಡಿದ ರೆಸಿಪಿ, ಎಲ್ಲವನ್ನೂ ಅವರವರೇ ಟೈಪ್ ಮಾಡಿ ಸೇರಿಸಿದ್ದು. ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್, ಫೋನ್ ಆ್ಯಪ್‌ನ ಒಳಗೆ ಎಸ್‌ಕ್ಯೂಲೈಟ್, ಎರಡೂ ಡೇಟಾಬೇಸ್ ತಂತ್ರಾಂಶಗಳು. ಕಟ್ಟಿದವನು ನಾನು, ಹಾಗಾಗಿ ಬೈಸಿಕೊಳ್ಳುವವನೂ ನಾನೇ.

ಒಂದು ಭಾನುವಾರ ಚಿಕ್ಕಮ್ಮ ಫೋನ್ ಮಾಡಿದರು. "ಏನಪ್ಪಾ ಇದು, ರಾಗಿ ಅಂತ ಹಾಕಿದ್ರೆ ಬರುತ್ತೆ, ಮುದ್ದೆ ಅಂತ ಹಾಕಿದ್ರೂ ಬರುತ್ತೆ. ಬಿಸಿ ರಾಗಿ ಮುದ್ದೆ ಅಂತ ಪೂರ್ತಿ ಹಾಕಿದ್ರೆ ಏನೂ ಸಿಗಲಿಲ್ಲ ಅನ್ನುತ್ತೆ. ನಾನೇ ಕೈಯಾರೆ ಬರ್ದಿದ್ದೀನಿ ಅದನ್ನ!"

ಅವರ ಮಾತು ನಿಜವಾಗಿತ್ತು. ಆ ಒಂದು ದೂರಿನ ಹಿಂದೆ ಹೋದಾಗ ಸಿಕ್ಕ ದೋಷಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕನ್ನಡ ಪಠ್ಯ ಇಟ್ಟುಕೊಂಡು ಹುಡುಕಾಟ ಕಟ್ಟುವ ಯಾರಿಗಾದರೂ ಇವು ಎದುರಾಗುತ್ತವೆ. ಒಂದು ಮಾತು: ಫಂಕ್ಷನ್ ಹೆಸರುಗಳನ್ನು ಓದಲು ಸುಲಭ ಅಂತ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಕ್ವೆರಿ ಬಿಡಿ, ಸಂಖ್ಯೆ ನೋಡಿ

ಫ್ರೇಸ್ ಸರ್ಚ್ (ಪದಗಳು ಅದೇ ಕ್ರಮದಲ್ಲಿ ಪಕ್ಕಪಕ್ಕ ಇರುವ ಕಡೆ ಹುಡುಕುವುದು) ಕೆಟ್ಟಾಗ ಎಲ್ಲರೂ ಮೊದಲು ಕ್ವೆರಿಯನ್ನೇ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನೇ, ತಿದ್ದಲು ಕೂರುತ್ತಾರೆ. ನಾನೂ ಹಾಗೇ ಮಾಡಿ ಒಂದು ಸಂಜೆ ಕಳೆದೆ. ಅದು ತಪ್ಪು ದಾರಿ.

ಡೇಟಾಬೇಸ್ ಹುಡುಕುವಾಗ ನೀವು ಬರೆದ ವಾಕ್ಯವನ್ನು ನೋಡುವುದೇ ಇಲ್ಲ. ಅದರ ಹತ್ತಿರ ಇರುವುದು ಪದಗಳ ಪಟ್ಟಿ, ಪ್ರತಿ ಪದದ ಪಕ್ಕ ಅದು ಎಷ್ಟನೆಯದು ಎನ್ನುವ ಸಂಖ್ಯೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಪಟ್ಟಿಗೆ ಟಿಎಸ್‌ವೆಕ್ಟರ್ ಅಂತ ಹೆಸರು. 'ರಾಗಿ' 3ನೆಯದು, 'ಮುದ್ದೆ' 4ನೆಯದು ಅಂತಿದ್ದರೆ, 4ರಲ್ಲಿ 3 ಕಳೆದು 1 ಬಂತು, ಆದ್ದರಿಂದ ಪಕ್ಕಪಕ್ಕ ಇವೆ. ಫ್ರೇಸ್ ಸರ್ಚ್ ಅಂದರೆ ಇಷ್ಟೇ, ಕಳೆಯುವ ಲೆಕ್ಕ. 2016ರಲ್ಲಿ ಬಂದ 9.6 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ <-> ಗುರುತು ಇದೆ.

ಹಾಗಾಗಿ ಜೋಡಿ ಸಿಗದಿರಲು ಮೂರೇ ಕಾರಣ ಇರಲು ಸಾಧ್ಯ. ಪಟ್ಟಿಯಲ್ಲಿರುವ ಪದ ನೀವು ಅಂದುಕೊಂಡ ಪದ ಅಲ್ಲ. ಅಥವಾ ಅದರ ಸಂಖ್ಯೆ ನೀವು ಅಂದುಕೊಂಡದ್ದಲ್ಲ. ಅಥವಾ ಸಂಖ್ಯೆಯೇ ಇಲ್ಲ. ಮೂರನ್ನೂ ತಿಳಿಯಲು ಎರಡು ಸಾಲು ಸಾಕು: ದಾಖಲೆಯನ್ನು ಒಮ್ಮೆ ಟು_ಟಿಎಸ್‌ವೆಕ್ಟರ್‌ಗೆ ಕೊಡಿ, ಹುಡುಕಿದ ಮಾತನ್ನು ಒಮ್ಮೆ ಫ್ರೇಸ್‌ಟು_ಟಿಎಸ್‌ಕ್ವೆರಿಗೆ ಕೊಡಿ. ಎರಡರ ಉತ್ತರವನ್ನೂ ಒಂದರ ಕೆಳಗೊಂದು ಇಟ್ಟು ನೋಡಿ.

ಚಿಕ್ಕಮ್ಮನ ರೆಸಿಪಿಯ ಮೊದಲ ಸಾಲು "ಬಿಸಿ ರಾಗಿ-ಮುದ್ದೆ ಊಟ" ಅಂತಿತ್ತು. ಅದರ ವೆಕ್ಟರ್ ಹೀಗೆ ಬಂತು:

'ಊಟ':5 'ಬಿಸಿ':1 'ಮುದ್ದೆ':4 'ರಾಗಿ':3 'ರಾಗಿ-ಮುದ್ದೆ':2

ಕ್ವೆರಿ ಹೀಗೆ ಬಂತು:

'ಬಿಸಿ' <-> 'ರಾಗಿ' <-> 'ಮುದ್ದೆ'

ಮೂರು ಪದದ ಸಾಲಿಗೆ ಐದು ಸಂಖ್ಯೆ! ಅಡ್ಡಗೆರೆ ಇರುವ ಪದವನ್ನು ಪೋಸ್ಟ್‌ಗ್ರೆಸ್ ಮೊದಲು ಇಡಿಯಾಗಿ ಒಂದು ಪದ ಅಂತ ಎಣಿಸುತ್ತದೆ, ಆಮೇಲೆ ಅದರ ತುಂಡುಗಳನ್ನೂ ಒಂದೊಂದಾಗಿ ಎಣಿಸುತ್ತದೆ. 'ಬಿಸಿ' 1ರಲ್ಲಿದೆ, 'ರಾಗಿ' 3ಕ್ಕೆ ಜಾರಿದೆ. ಕಳೆದರೆ 2. ಬೇಕಿದ್ದದ್ದು 1. ಸಿಗಲಿಲ್ಲ. ತಮಾಷೆ ಅಂದರೆ "ರಾಗಿ ಮುದ್ದೆ" ಅಂತ ಎರಡೇ ಪದ ಹಾಕಿದ್ದರೆ 3 ಮತ್ತು 4, ಸರಿಯಾಗಿಯೇ ಸಿಗುತ್ತಿತ್ತು. ಪೂರ್ತಿ ಬರೆದದ್ದೇ ಚಿಕ್ಕಮ್ಮನ ತಪ್ಪಾಯಿತು.

ಪರಿಹಾರ ಸುಲಭ. ಇಂಡೆಕ್ಸ್‌ಗೆ (ಹುಡುಕಲು ಮೊದಲೇ ಕಟ್ಟಿಡುವ ಪದಪಟ್ಟಿಗೆ) ಕೊಡುವ ಮೊದಲೂ, ಕ್ವೆರಿ ಕಟ್ಟುವ ಮೊದಲೂ ಅಡ್ಡಗೆರೆಯನ್ನು ಖಾಲಿ ಜಾಗಕ್ಕೆ ಬದಲಿಸಿ. ಅಡುಗೆ ಬರಹದಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ. "2-3 ಚಮಚ" ಅಂತ ಬರೆದರೆ ಪೋಸ್ಟ್‌ಗ್ರೆಸ್ ಅದನ್ನು '2' ಮತ್ತು '-3' ಅಂತ ಓದುತ್ತದೆ. ಮೈನಸ್ ಮೂರು ಚಮಚ! "3 ಚಮಚ" ಅಂತ ಹುಡುಕಿದವರಿಗೆ ಅದು ಎಂದೂ ಸಿಗುವುದಿಲ್ಲ.

ಪಾರ್ಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಎಲ್ಲಿ ಕತ್ತರಿ ಹಾಕುತ್ತಿದೆ ಅಂತ ಇನ್ನೂ ಹತ್ತಿರದಿಂದ ನೋಡಬೇಕಾದರೆ ಟಿಎಸ್_ಡಿಬಗ್ ಇದೆ. ಪ್ರತಿ ತುಂಡು ಯಾವ ಬಗೆಯದು, ಯಾವ ಡಿಕ್ಷನರಿ (ಪದವನ್ನು ಪಟ್ಟಿಗೆ ಸಿದ್ಧಪಡಿಸುವ ನಿಯಮ) ಅದನ್ನು ಹಿಡಿಯಿತು, ಕೊನೆಗೆ ಯಾವ ಲೆಕ್ಸೀಮ್ (ಪಟ್ಟಿಗೆ ಸೇರುವ ಪದರೂಪ) ಆಯಿತು, ಎಲ್ಲವನ್ನೂ ಸಾಲಾಗಿ ತೋರಿಸುತ್ತದೆ. ಅನುಮಾನ ಬಂದ ಕೂಡಲೇ ಇದನ್ನು ಓಡಿಸುವ ಅಭ್ಯಾಸ ಮಾಡಿಕೊಳ್ಳಿ.

ನನ್ನ ಟರ್ಮಿನಲ್‌ನಲ್ಲಿ ಬರುತ್ತೆ, ಆ್ಯಪ್‌ನಲ್ಲಿ ಬರಲ್ಲ

ಈ ಲಕ್ಷಣ ಕಂಡರೆ ಹೆಚ್ಚು ಯೋಚಿಸಬೇಡಿ, ಕಾನ್ಫಿಗರೇಶನ್ (ಪಠ್ಯವನ್ನು ಹೇಗೆ ಒಡೆದು ಪಟ್ಟಿ ಮಾಡಬೇಕು ಎನ್ನುವ ನಿಯಮಗಳ ಕಟ್ಟು) ಬೇರೆ ಬೇರೆ ಇದೆ. ಟು_ಟಿಎಸ್‌ವೆಕ್ಟರ್‌ಗೆ ಕಾನ್ಫಿಗರೇಶನ್ ಹೆಸರು ಕೊಡದಿದ್ದರೆ ಅದು ಆ ಸೆಷನ್‌ನ ಡೀಫಾಲ್ಟ್ ಏನಿದೆಯೋ ಅದನ್ನು ತೆಗೆದುಕೊಳ್ಳುತ್ತದೆ. ನಿಮ್ಮ ಟರ್ಮಿನಲ್‌ನಲ್ಲಿ ಒಂದು, ಆ್ಯಪ್ ಬಳಸುವ ಯೂಸರ್‌ಗೆ ಇನ್ನೊಂದು ಇರಬಹುದು.

ನಮ್ಮಲ್ಲಿ ಆದದ್ದು ಹೀಗೆ. ಕನ್ನಡಕ್ಕೆ ಪೋಸ್ಟ್‌ಗ್ರೆಸ್ ಜೊತೆ ಬರುವ ಸ್ಟೆಮ್ಮರ್ (ಪ್ರತ್ಯಯ ಕಿತ್ತು ಮೂಲ ಪದ ಉಳಿಸುವ ಸಾಧನ) ಇಲ್ಲ. ತಮಿಳಿಗೆ 12ನೇ ಆವೃತ್ತಿಯಲ್ಲಿ ಬಂತು, ಹಿಂದಿಗೆ 14ರಲ್ಲಿ. ನಾವು 'ಸಿಂಪಲ್' ಡಿಕ್ಷನರಿಯನ್ನೇ ಹಿಡಿದು, ಅದಕ್ಕೊಂದು ಸ್ಟಾಪ್ ವರ್ಡ್ (ಹುಡುಕಾಟದಲ್ಲಿ ಲೆಕ್ಕಕ್ಕೆ ಹಿಡಿಯದ ಪದ) ಪಟ್ಟಿ ಸೇರಿಸಿ 'ಕನ್ನಡ' ಅಂತ ನಮ್ಮದೇ ಕಾನ್ಫಿಗರೇಶನ್ ಮಾಡಿಕೊಂಡಿದ್ದೆವು. ಪಟ್ಟಿಯಲ್ಲಿ 'ಮತ್ತು', 'ಆದರೆ', 'ಈ', 'ಆ', 'ಒಂದು' ಇದ್ದವು. ಇಂಡೆಕ್ಸ್ ಆದದ್ದು ಇದರಲ್ಲಿ. ಆ್ಯಪ್‌ನಿಂದ ಬರುವ ಕ್ವೆರಿ ಮಾತ್ರ ಬರೀ 'ಸಿಂಪಲ್'ನಲ್ಲಿ.

"ಉಪ್ಪು ಮತ್ತು ಹುಳಿ" ಎನ್ನುವ ಸಾಲು ಇಂಡೆಕ್ಸ್‌ನಲ್ಲಿ 'ಉಪ್ಪು':1 'ಹುಳಿ':3 ಅಂತ ಕೂತಿದೆ. ಸ್ಟಾಪ್ ವರ್ಡ್ ಅನ್ನು ಪಟ್ಟಿಯಿಂದ ತೆಗೆಯುತ್ತಾರೆ, ಆದರೆ ಅದರ ಕುರ್ಚಿ ಖಾಲಿಯೇ ಉಳಿಯುತ್ತದೆ. 2 ಎನ್ನುವ ಸಂಖ್ಯೆ ಯಾರಿಗೂ ಸಿಗುವುದಿಲ್ಲ. ಕ್ವೆರಿಯೂ 'ಕನ್ನಡ'ದಲ್ಲೇ ಇದ್ದಿದ್ದರೆ 'ಉಪ್ಪು' <2> 'ಹುಳಿ' ಅಂತ ಆಗಿ ಸರಿಯಾಗಿ ಕೂಡುತ್ತಿತ್ತು. 'ಸಿಂಪಲ್'ನಲ್ಲಿ ಬಂದದ್ದರಿಂದ 'ಉಪ್ಪು' <-> 'ಮತ್ತು' <-> 'ಹುಳಿ' ಆಯಿತು. ಇಂಡೆಕ್ಸ್‌ನಲ್ಲಿ 'ಮತ್ತು' ಇಲ್ಲವೇ ಇಲ್ಲ. ಉತ್ತರ ಸೊನ್ನೆ.

ಎಲ್ಲಾ ಕಡೆ ಕಾನ್ಫಿಗರೇಶನ್ ಹೆಸರನ್ನು ಬಾಯಿಬಿಟ್ಟು ಹೇಳಿ, ಡೀಫಾಲ್ಟ್ ಮೇಲೆ ಬಿಡಬೇಡಿ. ಸ್ಟಾಪ್ ವರ್ಡ್ ಪಟ್ಟಿ ಬದಲಿಸಿದರೆ ಹಳೆಯ ವೆಕ್ಟರ್‌ಗಳು ತಾವಾಗಿ ಬದಲಾಗುವುದಿಲ್ಲ, ಎಲ್ಲ ಸಾಲನ್ನೂ ಮತ್ತೆ ಕಟ್ಟಬೇಕು. ಆ ಪಟ್ಟಿ ಇರುವ ಫೈಲನ್ನು ಪ್ರತಿ ಸೆಷನ್ ಒಂದೇ ಸಲ ಓದುತ್ತದೆ, ಹಾಗಾಗಿ ಮೊದಲೇ ತೆರೆದಿರುವ ಕನೆಕ್ಷನ್‌ಗಳಲ್ಲಿ ಹಳೇ ಪಟ್ಟಿಯೇ ಓಡುತ್ತಿರುತ್ತದೆ. ಇದು ಗೊತ್ತಿಲ್ಲದೆ "ಬದಲಿಸಿದೆ, ಏನೂ ಆಗಲಿಲ್ಲ" ಅಂತ ನಾನು ಇನ್ನೆರಡು ಸಲ ಬದಲಿಸಿದ್ದೇನೆ.

ಇನ್ನೊಂದು ವಿಷಯ. ಖಾಲಿ ಕುರ್ಚಿಯಲ್ಲಿ ಯಾರು ಕೂತಿದ್ದರು ಅಂತ ಡೇಟಾಬೇಸ್‌ಗೆ ನೆನಪಿಲ್ಲ. "ಉಪ್ಪು ಮತ್ತು ಹುಳಿ" ಅಂತ ಹುಡುಕಿದವರಿಗೆ "ಉಪ್ಪು ಖಾರ ಹುಳಿ" ಕೂಡ ಬರುತ್ತದೆ. "ಒಂದು ಚಮಚ ಉಪ್ಪು" ಅಂದರೆ ಮೊದಲ ಪದ ಬಿದ್ದುಹೋಗಿ "ಎರಡು ಚಮಚ ಉಪ್ಪು" ಸಹ ಬರುತ್ತದೆ. ಅಡುಗೆಯಲ್ಲಿ ಅದು ಚಿಕ್ಕ ವ್ಯತ್ಯಾಸ ಅಲ್ಲ! ಕೊನೆಗೆ ನಾನು ಸ್ಟಾಪ್ ವರ್ಡ್ ಪಟ್ಟಿಯನ್ನೇ ಕಿತ್ತು ಹಾಕಿದೆ. ಸಣ್ಣ ಸಂಗ್ರಹಕ್ಕೆ ಅದರಿಂದ ಉಳಿಯುವ ಜಾಗ ಏನೂ ಅಲ್ಲ, ಕೊಡುವ ತಲೆನೋವು ಜಾಸ್ತಿ.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಎರಡು

ಎರಡೂ ಕಡೆಯ ಪದ ಅಕ್ಷರಶಃ ಒಂದೇ ಥರ ಕಾಣುತ್ತಿದೆ, ಸಂಖ್ಯೆಯೂ ಸರಿ ಇದೆ, ಆದರೂ ಸಿಗುತ್ತಿಲ್ಲ. ಕನ್ನಡದವರಿಗೆ ಇದು ಮೀಸಲಾದ ಪಾಡು.

"ಕುಕ್ಕರ್‌ನಲ್ಲಿ" ಅಂತ ಬರೆಯುವಾಗ ನಾವು ರ್ ಮತ್ತು ನ ಅಂಟದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಕೀಬೋರ್ಡ್‌ನವರು ಅದನ್ನು ಝಡ್‌ಡಬ್ಲ್ಯುಎನ್‌ಜೆ ಅನ್ನುತ್ತಾರೆ, ಯೂನಿಕೋಡ್ ಸಂಖ್ಯೆ 8204. ಕೆಲವು ಕೀಬೋರ್ಡ್‌ಗಳು ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಸುಮ್ನೆ ಅಲ್ಲೂ ಒಂದನ್ನು ತುರುಕುತ್ತವೆ. ಹಾಗಾಗಿ ಒಬ್ಬರು ಬರೆದ "ಕುಕ್ಕರ್" ಏಳು ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಇರುವ ಸಂಖ್ಯೆ) ಇದ್ದರೆ, ಇನ್ನೊಬ್ಬರು ಬರೆದ ಅದೇ "ಕುಕ್ಕರ್" ಎಂಟು ಕೋಡ್‌ಪಾಯಿಂಟ್ ಇರಬಹುದು. ಬಿಡಿಸಿದರೆ ಹೀಗೆ: ಕ, ು, ಕ, ್, ಕ, ರ, ್. ಇಷ್ಟಕ್ಕೆ 7, ಕಾಣದ ಅಕ್ಷರ ಸೇರಿದರೆ 8. ಕೈಯಲ್ಲಿ ಎಣಿಸಬೇಡಿ, ಕ್ಯಾರ್_ಲೆಂಗ್ತ್ ಹಾಕಿ ಎಣಿಸಿ ಅಂತ ಹೇಳುವುದು ಇದಕ್ಕೇ.

ಈ ಕಾಣದ ಅಕ್ಷರವನ್ನು ಪಾರ್ಸರ್ ಏನು ಮಾಡುತ್ತದೆ ಎನ್ನುವುದು ಆವೃತ್ತಿ ಮತ್ತು ಲೊಕೇಲ್ (ಸರ್ವರ್‌ನ ಭಾಷೆಯ ಸೆಟ್ಟಿಂಗ್) ಮೇಲೆ ಹೋಗುತ್ತದೆ. ಪದದೊಳಗೇ ಇಟ್ಟುಕೊಂಡರೆ ಲೆಕ್ಸೀಮ್ ಬೇರೆ ಆಗುತ್ತದೆ. ಅಲ್ಲಿ ಕತ್ತರಿಸಿದರೆ "ಕುಕ್ಕರ್‌ನಲ್ಲಿ" ಎನ್ನುವ ಒಂದು ಪದ ಎರಡಾಗಿ, ಆಮೇಲಿನ ಎಲ್ಲ ಪದದ ಸಂಖ್ಯೆಯೂ ಒಂದೊಂದು ಮುಂದೆ ಹೋಗುತ್ತದೆ. ಯಾವುದಾದರೂ ನಮಗೆ ನಷ್ಟವೇ. ನಿಮ್ಮ ಸರ್ವರ್ ಯಾವ ಜಾತಿಯದು ಅಂತ ಟಿಎಸ್_ಡಿಬಗ್ ಒಂದು ಸಲ ಓಡಿಸಿದರೆ ತಿಳಿಯುತ್ತದೆ.

ಇದರ ಅಣ್ಣ ಇನ್ನೊಬ್ಬನಿದ್ದಾನೆ. ಕನ್ನಡದ ೀ, ೇ, ೈ, ೊ, ೋ ಚಿಹ್ನೆಗಳನ್ನು ಎರಡು ರೀತಿಯಲ್ಲಿ ಉಳಿಸಬಹುದು. 'ೋ' ಒಂದೇ ಕೋಡ್‌ಪಾಯಿಂಟ್ ಆಗಿರಬಹುದು, ಇಲ್ಲವೇ ಬಿಡಿಬಿಡಿಯಾಗಿ ಮೂರು ಆಗಿರಬಹುದು. ತೆರೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಹಳೆಯ ಫಾಂಟ್‌ನಿಂದ ಬದಲಿಸಿದ ಪಠ್ಯದಲ್ಲಿ ಇದನ್ನು ಮೊದಲು ಅನುಮಾನಿಸಿ.

ಎರಡಕ್ಕೂ ಮದ್ದು ಒಂದೇ ಕಡೆ ಇಡಬಹುದು. ಒಂದು ಸಣ್ಣ ಫಂಕ್ಷನ್ ಬರೆದು, ಅದರಲ್ಲಿ ಮೊದಲು ನಾರ್ಮಲೈಸ್ ಮಾಡಿ (ಎರಡು ರೀತಿಯ ಚಿಹ್ನೆಯನ್ನೂ ಒಂದೇ ರೂಪಕ್ಕೆ ತರುವುದು, ಪೋಸ್ಟ್‌ಗ್ರೆಸ್ 13ರಿಂದ ಒಳಗೇ ಇದೆ), ಆಮೇಲೆ 8204 ಮತ್ತು 8205 (ಅಕ್ಷರ ಅಂಟಿಸುವ ಇನ್ನೊಂದು ಕಾಣದ ಅಕ್ಷರ) ಎರಡನ್ನೂ ರಿಪ್ಲೇಸ್‌ನಿಂದ ತೆಗೆದುಹಾಕಿ, ಅಡ್ಡಗೆರೆಯನ್ನು ಜಾಗ ಮಾಡಿ. ಬರೀ ನಾರ್ಮಲೈಸ್ ಸಾಲದು, ಅದು ಕಾಣದ ಅಕ್ಷರವನ್ನು ಮುಟ್ಟುವುದಿಲ್ಲ. ಇಂಡೆಕ್ಸ್‌ಗೂ ಕ್ವೆರಿಗೂ ಇದೇ ಫಂಕ್ಷನ್ ಇರಲಿ. ಓದುಗರಿಗೆ ತೋರಿಸುವ ಮೂಲ ಪಠ್ಯವನ್ನು ಮಾತ್ರ ಮುಟ್ಟಬೇಡಿ, ಇಲ್ಲದಿದ್ದರೆ "ಕುಕ್ಕರ್‌ನಲ್ಲಿ" ಹೋಗಿ "ಕುಕ್ಕರ್ನಲ್ಲಿ" ಆಗಿ ಎಲ್ಲರ ಕಣ್ಣಿಗೆ ಚುಚ್ಚುತ್ತದೆ.

ಮುದ್ದೆ, ಮುದ್ದೆಗೆ, ಮುದ್ದೆಯನ್ನು

ಸ್ಟೆಮ್ಮರ್ ಇಲ್ಲ ಅಂದೆನಲ್ಲ, ಅದರ ಫಲ ಇದು. "ರಾಗಿ ಮುದ್ದೆಗೆ ಬಸ್ಸಾರು" ಎನ್ನುವ ಸಾಲು "ರಾಗಿ ಮುದ್ದೆ" ಹುಡುಕಾಟಕ್ಕೆ ಸಿಗುವುದಿಲ್ಲ. 'ಮುದ್ದೆಗೆ' ಬೇರೆಯೇ ಪದ.

ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ, ಕೈಕೆಲಸ ಇದೆ. ಟು_ಟಿಎಸ್‌ಕ್ವೆರಿಯಲ್ಲಿ ಪದದ ಮುಂದೆ :* ಹಾಕಿದರೆ ಆ ಅಕ್ಷರಗಳಿಂದ ಶುರುವಾಗುವ ಎಲ್ಲ ಪದವೂ ಬರುತ್ತದೆ, ಫ್ರೇಸ್ ಒಳಗೂ ಇದು ನಡೆಯುತ್ತದೆ:

'ರಾಗಿ:* <-> ಮುದ್ದೆ:*'

ಉಕಾರದಲ್ಲಿ ಮುಗಿಯುವ ಪದಗಳಿಗೆ ಇನ್ನೊಂದು ಹೆಜ್ಜೆ ಬೇಕು. ಉಪ್ಪು ಉಪ್ಪಿನ ಆಗುತ್ತದೆ, ಮಾತು ಮಾತಿನ ಆಗುತ್ತದೆ. ಕೊನೆಯ ಸ್ವರ ಚಿಹ್ನೆಯನ್ನು ಕಿತ್ತು 'ಉಪ್ಪ:*' ಅಂತ ಕೊಟ್ಟರೆ ಎರಡೂ ಬರುತ್ತವೆ. ಚಿಹ್ನೆ ಬೇರೆ ಕೋಡ್‌ಪಾಯಿಂಟ್ ಆಗಿರುವುದು ಇಲ್ಲಿ ಮಾತ್ರ ನಮ್ಮ ಉಪಕಾರಕ್ಕೆ ಬಂತು. ಜೊತೆಗೆ ಉಪ್ಪಿಟ್ಟೂ ಬರುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಇಂಥದ್ದನ್ನು ಫ್ರೇಸ್ ಒಳಗೆ ಬಳಸಿದರೆ ಪಕ್ಕದ ಪದವೇ ಜರಡಿಯಾಗಿ ಅರ್ಧ ಕಸ ಸೋಸುತ್ತದೆ. ಒಂಟಿ ಪದಕ್ಕೆ ಬಳಸಿದರೆ ಮಾತ್ರ ಗೋಳು.

ಮೂರು ಅಂದರೆ ಎಷ್ಟು?

ಪಕ್ಕದಲ್ಲೇ ಬೇಡ, ಸುತ್ತಮುತ್ತ ಇದ್ದರೆ ಸಾಕು ಅಂದಾಗ ಜನ <3> ಬರೆಯುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಅದರ ಅರ್ಥ "ಮೂರರೊಳಗೆ" ಅಲ್ಲ, "ಸರಿಯಾಗಿ ಮೂರು". ಎರಡಾದರೂ ಇಲ್ಲ, ನಾಲ್ಕಾದರೂ ಇಲ್ಲ. ಜೊತೆಗೆ ಎಡದ ಪದ ಮೊದಲೇ ಬರಬೇಕು. ಮೂರರೊಳಗೆ ಬೇಕಿದ್ದರೆ <1>, <2>, <3> ಮೂರನ್ನೂ ಬರೆದು ನಡುವೆ | ಹಾಕಬೇಕು. ಹಿಂದುಮುಂದಾದರೂ ಪರವಾಗಿಲ್ಲ ಅಂದರೆ ಇನ್ನೂ ಮೂರು. ನೋಡಲು ಚೆಂದ ಇಲ್ಲ, ಆದರೆ ಆ್ಯಪ್ ಕೋಡ್‌ನಲ್ಲಿ ಒಂದು ಲೂಪ್ ಬರೆದರೆ ಮುಗಿಯಿತು.

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಹೋದವರು ಇಲ್ಲೇ ಎಡವುವುದು. ಎಸ್‌ಕ್ಯೂಲೈಟ್‌ನ ಹುಡುಕಾಟದ ಭಾಗವಾದ ಎಫ್‌ಟಿಎಸ್5ರಲ್ಲಿ ನಿಯರ್(ರಾಗಿ ಮುದ್ದೆ, 3) ಅಂದರೆ ಎರಡರ ನಡುವೆ ಹೆಚ್ಚೆಂದರೆ ಮೂರು ಟೋಕನ್ (ಪಠ್ಯ ಒಡೆದಾಗ ಬರುವ ತುಂಡು) ಇರಬಹುದು ಅಂತ. ಕ್ರಮ ಹೇಗಿದ್ದರೂ ಸರಿ. ಸಂಖ್ಯೆ ಕೊಡದಿದ್ದರೆ 10. ಪಕ್ಕಪಕ್ಕ ಅಂದರೆ ಅಲ್ಲಿ 0, ಪೋಸ್ಟ್‌ಗ್ರೆಸ್‌ನಲ್ಲಿ 1. ಮೈಎಸ್‌ಕ್ಯೂಎಲ್ ಎನ್ನುವ ಇನ್ನೊಂದು ಡೇಟಾಬೇಸ್‌ನ ಇನ್ನೋಡಿಬಿಯಲ್ಲಿ ಬೂಲಿಯನ್ ಮೋಡ್‌ನಲ್ಲಿ "ರಾಗಿ ಮುದ್ದೆ" @8 ಅಂತ ಬರೆದರೆ ಪದಗಳೆಲ್ಲ ಅಷ್ಟು ದೂರದೊಳಗೆ ಶುರುವಾಗಬೇಕು ಅಂತ ಅರ್ಥ. ಮೂರು ಊರಲ್ಲಿ ಮೂರು ಸೇರು.

ಇಲ್ಲದ ಜೋಡಿ ಸಿಗುತ್ತಿದ್ದರೆ

ಈವರೆಗೆ ಸಿಗಬೇಕಾದದ್ದು ಸಿಗದ ಕಥೆ. ಉಲ್ಟಾ ಕೂಡ ಆಗುತ್ತದೆ. ಅದಕ್ಕೆ ಯಾರೂ ದೂರು ಕೊಡುವುದಿಲ್ಲ, ಆದ್ದರಿಂದ ವರ್ಷಗಟ್ಟಲೆ ಹಾಗೇ ಇರುತ್ತದೆ.

ತಲೆಬರಹ ಮತ್ತು ವಿವರ ಎರಡರ ವೆಕ್ಟರ್‌ಗಳನ್ನು || ಹಾಕಿ ಸೇರಿಸುವುದು ಎಲ್ಲರ ರೂಢಿ. ಸೇರಿಸುವಾಗ ಎರಡನೆಯದರ ಸಂಖ್ಯೆಗಳು ಮೊದಲನೆಯದು ನಿಂತಲ್ಲಿಂದ ಮುಂದುವರಿಯುತ್ತವೆ. ತಲೆಬರಹ "ಚಳಿಗಾಲದ ರಾಗಿ" ಅಂತ ಮುಗಿದು, ವಿವರ "ಮುದ್ದೆ ಕಟ್ಟಲು ಬರದವರಿಗೆ ಈ ರೊಟ್ಟಿ" ಅಂತ ಶುರುವಾದರೆ 'ರಾಗಿ':2 'ಮುದ್ದೆ':3. ರೊಟ್ಟಿಯ ರೆಸಿಪಿ ಮುದ್ದೆಯ ಹುಡುಕಾಟದಲ್ಲಿ ಬಂತು. ತಡೆಯಲು ಎರಡು ದಾರಿ. ಸೆಟ್‌ವೇಯ್ಟ್‌ನಿಂದ ತಲೆಬರಹಕ್ಕೆ ಎ, ವಿವರಕ್ಕೆ ಬಿ ಗುರುತು ಹಾಕಿದ್ದರೆ ಕ್ವೆರಿಯಲ್ಲಿ ಎರಡೂ ಪದಕ್ಕೆ ಅದೇ ಗುರುತು ಕೇಳಿ. ಇಲ್ಲವೇ ನಡುವೆ ಯಾರೂ ಹುಡುಕದಂಥ ನಾಲ್ಕೈದು ಅರ್ಥವಿಲ್ಲದ ಪದ ತುಂಬಿ ದೂರ ಮಾಡಿ. ಜೇಸನ್ ಕಾಲಂನಿಂದ ನೇರವಾಗಿ ವೆಕ್ಟರ್ ಮಾಡಿದರೆ ಪೋಸ್ಟ್‌ಗ್ರೆಸ್ ತಾನೇ ಮೌಲ್ಯಗಳ ನಡುವೆ ಒಂದು ಖಾಲಿ ಕುರ್ಚಿ ಬಿಡುತ್ತದೆ, ಅಲ್ಲಿ <-> ದಾಟುವುದಿಲ್ಲ. ಪೂರ್ಣವಿರಾಮಕ್ಕೆ ಮಾತ್ರ ಯಾವ ಬೆಲೆಯೂ ಇಲ್ಲ. ಒಂದು ವಾಕ್ಯದ ಕೊನೆ, ಇನ್ನೊಂದರ ಮೊದಲು ಜೋಡಿಯಾಗಿಯೇ ಸಿಗುತ್ತವೆ.

ಇನ್ನೊಂದು ಸುಳ್ಳು ಹೊಂದಾಣಿಕೆ ಫೋನ್ ಕೀಬೋರ್ಡ್‌ನಿಂದ ಬಂದದ್ದು. ವೆಬ್‌ಸರ್ಚ್_ಟು_ಟಿಎಸ್‌ಕ್ವೆರಿ ನೇರ ಉದ್ಧರಣ ಚಿಹ್ನೆಯನ್ನು ಮಾತ್ರ ಗುರುತಿಸುತ್ತದೆ. ಕೆಲವು ಫೋನ್‌ಗಳು ತಾವಾಗಿ ಬಾಗಿದ ಚಿಹ್ನೆ ಹಾಕುತ್ತವೆ. ಆಗ ಅದು ಬರೀ ಕಸ, ಎರಡೂ ಪದ ಎಲ್ಲಿದ್ದರೂ ಸಾಕು ಅಂತ ಆಗುತ್ತದೆ. ಕ್ವೆರಿಯನ್ನು ಪ್ರಿಂಟ್ ಮಾಡಿದಾಗ <-> ಬದಲು & ಕಂಡರೆ ಇದೇ ಕಾರಣ. ಪ್ಲೇನ್‌ಟು_ಟಿಎಸ್‌ಕ್ವೆರಿ ಬಳಸುತ್ತಿದ್ದರೆ ಯಾವ ಚಿಹ್ನೆ ಹಾಕಿದರೂ & ಮಾತ್ರವೇ.

ಅಜ್ಜಿಯ ನೋಟ್‌ಬುಕ್

ಅಜ್ಜಿಯ ಇಡೀ ನೋಟ್‌ಬುಕ್ ಅನ್ನು ಅಣ್ಣ ಒಂದೇ ಸಾಲಿನ ಒಂದೇ ಕಾಲಂಗೆ ಅಂಟಿಸಿದ್ದ. ಮುಂಚಿನ ಪುಟಗಳ ಮಾತು ಜೋಡಿಯಾಗಿ ಸಿಗುತ್ತವೆ. ಕೊನೆಯ ಪುಟಗಳದ್ದು ಒಂಟಿಯಾಗಿ ಸಿಗುತ್ತದೆ, ಜೋಡಿಯಾಗಿ ಸಿಗುವುದಿಲ್ಲ. ಈ ಲಕ್ಷಣ ಬಹಳ ಸ್ಪಷ್ಟ, ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಸ್ಥಾನ ಸಂಖ್ಯೆ 16383ಕ್ಕೆ ನಿಲ್ಲುತ್ತದೆ. ಅದರಾಚೆಯ ಪ್ರತಿ ಪದಕ್ಕೂ 16383 ಎಂದೇ ಬರೆದುಕೊಳ್ಳುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂತರೆ ಕಳೆದಾಗ 0, ಪಕ್ಕದವರು ಯಾರೂ ಇಲ್ಲ. ಇನ್ನೊಂದು ಮಿತಿ ಇದೆ: ಒಂದು ಪದಕ್ಕೆ 256ಕ್ಕಿಂತ ಜಾಸ್ತಿ ಸ್ಥಾನ ಇಡುವುದಿಲ್ಲ. ಅಡುಗೆ ನೋಟ್‌ಬುಕ್‌ನಲ್ಲಿ 'ಉಪ್ಪು' ಎಷ್ಟು ಸಲ ಬರುತ್ತದೆ ಅಂತ ನೀವೇ ಯೋಚಿಸಿ. 16383 ತಲುಪುವ ಎಷ್ಟೋ ಮೊದಲೇ "ಚಿಟಿಕೆ ಉಪ್ಪು" ಸಿಗುವುದು ನಿಂತಿತ್ತು.

ಪರೀಕ್ಷೆಗೆ ವೆಕ್ಟರ್ ಅನ್ನು ಅನ್‌ನೆಸ್ಟ್ ಮಾಡಿ (ಪದಕ್ಕೊಂದು ಸಾಲಾಗಿ ಬಿಡಿಸಿ), ಸ್ಥಾನಗಳ ಪಟ್ಟಿಯಲ್ಲಿ 16383 ಇರುವ ಸಾಲು ಯಾವುವು ಅಂತ ಕೇಳಿ. ಪರಿಹಾರ ಒಂದೇ, ಪಠ್ಯವನ್ನು ಒಡೆಯುವುದು. ನಾವು ಒಂದು ರೆಸಿಪಿಗೆ ಒಂದು ಸಾಲು ಮಾಡಿದೆವು. ವೆಕ್ಟರ್‌ನ ಒಟ್ಟು ಗಾತ್ರಕ್ಕೂ 1 ಎಂಬಿ ಮಿತಿ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್ 3 ಬೈಟ್ ತಿನ್ನುತ್ತದೆ, ಹಾಗಾಗಿ ನಾವು ಇಂಗ್ಲಿಷ್‌ನವರಿಗಿಂತ ಬೇಗ ಅಲ್ಲಿಗೆ ಮುಟ್ಟುತ್ತೇವೆ. ಇದು ಮಾತ್ರ ಎರರ್ ಕೊಟ್ಟು ಹೇಳುತ್ತದೆ, ಪುಣ್ಯ.

ಸಂಖ್ಯೆಯೇ ಇಲ್ಲದ ಪ್ರಸಂಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾರೋ ಜಾಗ ಉಳಿಸಲು ಸಂಖ್ಯೆಗಳನ್ನು ಕಿತ್ತುಹಾಕುವ ಸ್ಟ್ರಿಪ್ ಫಂಕ್ಷನ್ ಹಾಕಿರುತ್ತಾರೆ. ವೆಕ್ಟರ್‌ನಲ್ಲಿ ಪದದ ಮುಂದೆ :1, :2 ಏನೂ ಇಲ್ಲದಿದ್ದರೆ ಅದೇ. ಅಂಥ ವೆಕ್ಟರ್‌ನಲ್ಲಿ <-> ಎಂದೂ ಸಿಗುವುದಿಲ್ಲ.

ಹುಳಿ ಹುಡುಕಿದರೆ ಹೋಳಿಗೆ

ಸರ್ವರ್ ಸರಿಯಾದ ಮೇಲೆ ಚಿಕ್ಕಮ್ಮನ ಫೋನ್ ಮತ್ತೆ ಬಂತು. ಈ ಸಲ ಆ್ಯಪ್ ಮೇಲೆ. "ಹುಳಿ ಅಂತ ಹುಡುಕಿದ್ರೆ ಹೋಳಿಗೆ ತೋರಿಸ್ತಿದೆಯಲ್ಲೋ!" ನನಗೆ ನಗು ಬಂತು, ಆಮೇಲೆ ಭಯ ಬಂತು.

ಎಫ್‌ಟಿಎಸ್5ರ ಡೀಫಾಲ್ಟ್ ಟೋಕನೈಜರ್ ಹೆಸರು ಯೂನಿಕೋಡ್61. ಅದರ ಪ್ರಕಾರ ಅಕ್ಷರ ಮತ್ತು ಅಂಕಿ ಮಾತ್ರ ಪದದ ಭಾಗ, ಉಳಿದದ್ದೆಲ್ಲ ಪದ ಕತ್ತರಿಸುವ ಗೆರೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತ ಚಿಹ್ನೆಗಳು, ಅರ್ಧಾಕ್ಷರದ ವಿರಾಮ, ಅನುಸ್ವಾರ ಯಾವುವೂ ಅಕ್ಷರ ಅಲ್ಲ, "ಮಾರ್ಕ್". ಆದ್ದರಿಂದ "ಹುಳಿ" ಹೋಗಿ 'ಹ' ಮತ್ತು 'ಳ' ಎಂಬ ಎರಡು ಟೋಕನ್ ಆಗುತ್ತದೆ. "ಹೋಳಿಗೆ" ಅಂದರೆ 'ಹ', 'ಳ', 'ಗ'. ಹುಡುಕುವ ಒಂದು ಪದ ಹೀಗೆ ಹಲವು ಟೋಕನ್ ಆಗಿ ಒಡೆದರೆ ಎಫ್‌ಟಿಎಸ್5 ಅದನ್ನು ಫ್ರೇಸ್ ಅಂತ ತಿಳಿಯುತ್ತದೆ. 'ಹ' ಆದಮೇಲೆ 'ಳ' ಎಲ್ಲೆಲ್ಲಿದೆ? ಹೋಳಿಗೆಯಲ್ಲಿದೆ, ತರಕಾರಿ ಹೋಳುಗಳಲ್ಲಿದೆ, ಹಾಳೆಯಲ್ಲಿದೆ, "ಅತ್ತೆ ಹೇಳಿದ ಹಾಗೆ" ಎನ್ನುವುದರಲ್ಲೂ ಇದೆ. "ರಾಗಿ" ಹುಡುಕಿದರೆ "ರೋಗ" ಬರುತ್ತದೆ, ಎರಡೂ 'ರ', 'ಗ'.

ಅಂದರೆ ಒಂದೇ ಪದದ ಹುಡುಕಾಟವೂ ಇಲ್ಲಿ ಗುಟ್ಟಾಗಿ ಫ್ರೇಸ್ ಸರ್ಚ್. ನಿಯರ್ ಲೆಕ್ಕವಂತೂ ಪೂರ್ತಿ ದಿಕ್ಕೆಟ್ಟಿರುತ್ತದೆ. "ರಾಗಿ ಹಿಟ್ಟಿನ ಮುದ್ದೆ" ಎನ್ನುವುದರಲ್ಲಿ ರಾಗಿಗೂ ಮುದ್ದೆಗೂ ನಡುವೆ ಇರುವುದು ಒಂದೇ ಪದ. ಆದರೆ "ಹಿಟ್ಟಿನ" ಅಂದರೆ 'ಹ', 'ಟ', 'ಟ', 'ನ', ನಾಲ್ಕು ಟೋಕನ್. ನಿಯರ್ 3 ಅಂತ ಕೇಳಿದರೆ ಇಲ್ಲ ಅನ್ನುತ್ತದೆ.

ಇದೇ ದೋಷ ಇನ್ನೊಂದು ವೇಷದಲ್ಲೂ ಬರುತ್ತದೆ. ಇಂಡೆಕ್ಸ್ ಚಿಕ್ಕದಾಗಲಿ ಅಂತ ಟೇಬಲ್ ಮಾಡುವಾಗ 'ಡೀಟೇಲ್' ಆಯ್ಕೆಯನ್ನು 'ಕಾಲಂ' ಅಥವಾ 'ನನ್' ಮಾಡಿದ್ದರೆ ಎಫ್‌ಟಿಎಸ್5 ಸ್ಥಾನಗಳನ್ನು ಇಡುವುದಿಲ್ಲ. ಆಗ ಬರೀ "ಹುಳಿ" ಹುಡುಕಿದರೂ "ಫ್ರೇಸ್ ಕ್ವೆರಿಗೆ ಬೆಂಬಲ ಇಲ್ಲ" ಎನ್ನುವ ಎರರ್ ಬೀಳುತ್ತದೆ. ಒಂದೇ ಪದ ಹಾಕಿದ್ದೇನೆ, ಫ್ರೇಸ್ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದು.

ನೋಡುವ ಕನ್ನಡಿ ಇಲ್ಲೂ ಇದೆ. ಎಫ್‌ಟಿಎಸ್5ವೊಕ್ಯಾಬ್ ಎಂಬ ವರ್ಚುವಲ್ ಟೇಬಲ್ ಅನ್ನು 'ಇನ್‌ಸ್ಟೆನ್ಸ್' ಬಗೆಯಲ್ಲಿ ಮಾಡಿದರೆ ಪ್ರತಿ ಟೋಕನ್, ಅದು ಯಾವ ದಾಖಲೆಯಲ್ಲಿ ಎಷ್ಟನೆಯದು, ಎಲ್ಲ ಸಾಲಾಗಿ ಬರುತ್ತದೆ. ಒಂಟಿ ವ್ಯಂಜನಗಳ ಮೆರವಣಿಗೆ ಕಂಡರೆ ರೋಗ ಗೊತ್ತಾಯಿತು. ಮದ್ದು: ಟೇಬಲ್ ಮಾಡುವಾಗ ಯೂನಿಕೋಡ್61ಕ್ಕೆ 'ಕೆಟಗರೀಸ್' ಆಯ್ಕೆ ಕೊಟ್ಟು, ಎಂದಿನ ಗುಂಪುಗಳ ಜೊತೆ ಮಾರ್ಕ್ ಗುಂಪುಗಳಾದ ಎಂಎನ್ ಮತ್ತು ಎಂಸಿ ಎರಡನ್ನೂ ಸೇರಿಸಿ. ಎಂಸಿ ಮರೆತರೆ ಕೆಲವು ಚಿಹ್ನೆಗಳು ಮಾತ್ರ ಸರಿಯಾಗಿ, ಇನ್ನೂ ವಿಚಿತ್ರವಾದ ಫಲ ಬರುತ್ತದೆ. ಹಳೆಯ ಟೇಬಲ್ ತಿದ್ದಲು ಆಗುವುದಿಲ್ಲ, ಹೊಸದು ಮಾಡಿ ತುಂಬಬೇಕು.

ಸಿಗುತ್ತದೆ, ಆದರೆ ನಿಧಾನ

ಪೋಸ್ಟ್‌ಗ್ರೆಸ್‌ನಲ್ಲಿ ಪದ ಹುಡುಕಲು ಬಳಸುವ ಜಿನ್ ಇಂಡೆಕ್ಸ್ ಪದಗಳನ್ನು ಇಡುತ್ತದೆ, ಸಂಖ್ಯೆಗಳನ್ನು ಇಡುವುದಿಲ್ಲ. ಹಾಗಾಗಿ ಫ್ರೇಸ್ ಕೇಳಿದಾಗ ಎರಡೂ ಪದ ಇರುವ ಸಾಲುಗಳನ್ನೆಲ್ಲ ಇಂಡೆಕ್ಸ್‌ನಿಂದ ಎತ್ತಿ, ಆಮೇಲೆ ಟೇಬಲ್‌ಗೆ ಹೋಗಿ ಒಂದೊಂದನ್ನೂ ಕಳೆದು ನೋಡುತ್ತದೆ. ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ "ರೋಸ್ ರಿಮೂವ್ಡ್ ಬೈ ಇಂಡೆಕ್ಸ್ ರೀಚೆಕ್" ಎನ್ನುವ ಸಾಲಿನ ಸಂಖ್ಯೆ ದೊಡ್ಡದಿದ್ದರೆ ಸಮಯ ಅಲ್ಲೇ ಹೋಗುತ್ತಿದೆ. ಜೊತೆಗೆ ಹೀಪ್ ಬ್ಲಾಕ್ಸ್‌ನಲ್ಲಿ 'ಲಾಸಿ' ಅಂತ ಕಂಡರೆ ವರ್ಕ್_ಮೆಮ್ (ಕ್ವೆರಿಗೆ ಕೊಟ್ಟ ಮೆಮೊರಿ) ಕೂಡ ಸಾಲುತ್ತಿಲ್ಲ.

ವೆಕ್ಟರ್ ಅನ್ನು ಕಾಲಂನಲ್ಲಿ ಇಡದೆ ಬರೀ ಎಕ್ಸ್‌ಪ್ರೆಶನ್ ಮೇಲೆ ಇಂಡೆಕ್ಸ್ ಮಾಡಿದ್ದರೆ, ಈ ಮರುಪರೀಕ್ಷೆಯಲ್ಲಿ ಪ್ರತಿ ಸಾಲಿನ ಪಠ್ಯವನ್ನೂ ಮತ್ತೆ ಮೊದಲಿಂದ ಪಾರ್ಸ್ ಮಾಡಬೇಕಾಗುತ್ತದೆ. 12ನೇ ಆವೃತ್ತಿಯಿಂದ ಜನರೇಟೆಡ್ ಕಾಲಂ (ಬೇರೆ ಕಾಲಂನಿಂದ ತಾನಾಗಿ ತುಂಬಿಕೊಳ್ಳುವ ಕಾಲಂ) ಇದೆ, ವೆಕ್ಟರ್ ಅನ್ನು ಅದರಲ್ಲಿ ಇಟ್ಟುಬಿಡಿ. ದೊಡ್ಡ ಸಂಗ್ರಹ ಇರುವವರಿಗೆ ಸ್ಥಾನವನ್ನೂ ಇಂಡೆಕ್ಸ್ ಒಳಗೇ ಇಡುವ ರಮ್ ಎನ್ನುವ ಎಕ್ಸ್‌ಟೆನ್ಶನ್ ಇದೆ. ನಮ್ಮ ಅಡುಗೆಮನೆಗೆ ಅಷ್ಟು ಬೇಕಾಗಲಿಲ್ಲ.

ಉಳಿದದ್ದು ಒಂದು. ಸೋದರತ್ತೆ ಬರೆಯುವಾಗೆಲ್ಲ "ರಾಗಿಮುದ್ದೆ" ಅಂತ ಕೂಡಿಸಿಯೇ ಬರೆಯುತ್ತಾರೆ. ಅದು ಒಂದೇ ಪದ, ಯಾವ ಕಳೆಯುವ ಲೆಕ್ಕಕ್ಕೂ ಸಿಗುವುದಿಲ್ಲ. ಈಗ ಎರಡು ಪದದ ಹುಡುಕಾಟ ಬಂದಾಗ ಆ್ಯಪ್ ಕೋಡ್ ಎರಡನ್ನೂ ಅಂಟಿಸಿದ ರೂಪವನ್ನೂ | ಹಾಕಿ ಸೇರಿಸುತ್ತದೆ: ('ರಾಗಿ' <-> 'ಮುದ್ದೆ') | 'ರಾಗಿಮುದ್ದೆ'. ಅತ್ತೆಯ ಆರು ರೆಸಿಪಿ ಒಂದೇ ಸಲ ಮೇಲೆ ಬಂದವು. ಚಿಕ್ಕಮ್ಮನದು ಏಳನೆಯದಾಗಿದೆ, ಅದಕ್ಕೆ ಮತ್ತೆ ಫೋನ್ ಬಂದಿದೆ.